ಬೇಲಿಯಾಚೆಯ ಬಾಳೆಗೊನೆ

ನಾನು, ಹೋರೇಸ್ ಮಕಾಯ್, ನಾರ್ಫಕ್ ದ್ವೀಪದ ದೊಡ್ಡ ರೈತ ಅಂತ ನಲವತ್ತು ವರ್ಷ ಕೊಚ್ಚಿಕೊಂಡವನು. ಗುದ್ದಲಿ ಹಿಡಿದವಳು ಮಾತ್ರ ನನ್ನ ಹೆಂಡತಿ ಎರ್ಲೀನ್. ಹಡಗಿನ ಸಾಮಾನನ್ನು ದೋಣಿಗಿಳಿಸಿ ದಡಕ್ಕೆ ತರುವುದು ನನ್ನ ಕೆಲಸ; ಹಗ್ಗಕ್ಕೆ ಗಂಟು ಹಾಕುವುದೊಂದೇ ನನಗೆ ಬರುತ್ತಿದ್ದ ವಿದ್ಯೆ. ಆದರೂ ಪ್ರತಿ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಬುಧವಾರ ಅವಳು ಬೆಳೆದ ಕುಂಬಳಕಾಯಿಯನ್ನು ಚರ್ಚಿಗೆ ಹೊತ್ತು, ಪಾದ್ರಿಯ ಕೈಕುಲುಕುತ್ತಿದ್ದವನು ನಾನೇ. ತಿಮಿಂಗಿಲ ಬೇಟೆಗೆ ಬಂದ ಅಮೆರಿಕದವರು ನಮ್ಮ ಮುತ್ತಜ್ಜಂದಿರಿಗೆ ಅಂಟಿಸಿಹೋದ ಸುಗ್ಗಿಹಬ್ಬ ಅದು. ಬರಿಗೈಲಿ ಹೋದರೆ ಮರ್ಯಾದೆ ಉಳಿಯದು.

ಆ ವರ್ಷ ಎರ್ಲೀನ್ ಮಂಡಿ ಆಪರೇಷನ್‌ಗೆ ಸಿಡ್ನಿಗೆ ಹೋದಳು. "ಕುಂಬಳದ ಪಾತೀಲಿ ಕಳೆ ಕೀಳು, ಅಷ್ಟು ಸಾಕು," ಅಂತ ಫೋನಿನಲ್ಲಿ ಹೇಳಿದಳು. ಬೆವರು ಸುರಿಸಿ ಕಿತ್ತೆ. ವಾರದ ಮೇಲೆ ಕಳೆ ಸೊಂಪಾಗಿ ಹೂ ಬಿಟ್ಟಾಗ, ನಾನು ಕಿತ್ತದ್ದು ಯಾವುದನ್ನೆಂದು ಗೊತ್ತಾಯಿತು.

ಹಬ್ಬದ ಬೆಳಿಗ್ಗೆ ಕಣ್ಣಿಗೆ ಬಿದ್ದದ್ದು ಬೇಲಿಯ ಮೇಲೆ ಬಾಗಿದ್ದ ಒಂದು ಬಾಳೆಗೊನೆ. ಕಡಿದು ಹೊತ್ತೊಯ್ದೆ. ಚರ್ಚಿನಲ್ಲಿ ಪಕ್ಕದ ಮನೆಯ ವೆರೋನಕ್ಕ ಬೆಂಚುಗಳಿಗೆ ಜೋಳದ ದಂಟು ಕಟ್ಟುತ್ತಿದ್ದಳು.

"ಯಾರದ್ದೋ ಈ ಗೊನೆ?"

"ನಂದೇ ಅಕ್ಕಾ. ನಾನೇ ಬೆಳೆಸಿದ್ದು."

"ಹೌದಾ? ಬುಡ ನನ್ನ ಹಿತ್ತಿಲಲ್ಲಿತ್ತಲ್ಲೋ!"

ನಾನು ಗೊನೆಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದೆ.

"ಹೋಗ್ಲಿ, ತಂದಾಯ್ತಲ್ಲ, ಆ ಕಂಬಕ್ಕೆ ಕಟ್ಟು. ಕಟ್ಟೋಕಾದ್ರೂ ಬರುತ್ತಾ?"

"ಅಕ್ಕಾ, ಹಡಗಿಂದ ಟ್ರ್ಯಾಕ್ಟರ್ ಇಳಿಸಿದ ಕೈ ಇದು!"

ಎರಡನೆಯ ಹಾಡಿನ ನಡುವೆ, ಎಲ್ಲರೂ ಉಸಿರೆಳೆದುಕೊಳ್ಳುವ ಹೊತ್ತಿಗೆ ಸರಿಯಾಗಿ, ಗೊನೆ ಧಡ್ಡನೆ ಬಿತ್ತು. ಪಾದ್ರಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಭುಜಗಳು ಮಾತ್ರ ಕುಣಿಯುತ್ತಿದ್ದವು.

ಪ್ರಾರ್ಥನೆ ಮುಗಿದ ಮೇಲೆ ವೆರೋನಕ್ಕ ಗೊನೆಯ ಜೊತೆ ನನ್ನನ್ನೂ ಮನೆಗೆ ಎಳೆದೊಯ್ದು, ಮುಂದೆ ತುರಿಮಣೆ ಇಟ್ಟಳು. ಬಾಳೆಕಾಯಿ ತುರಿದು, ಉಂಡೆ ಕಟ್ಟಿ, ತೆಂಗಿನ ಹಾಲಲ್ಲಿ ಬೇಯಿಸುವ ಮಡ್ಡಾವನ್ನು ಹುಟ್ಟಿದಾಗಿನಿಂದ ತಿಂದಿದ್ದೇನೆ. ಅದಕ್ಕೆ ಬೆರಳಿನ ಚರ್ಮವೂ ಬೀಳುತ್ತದೆಂದು ಗೊತ್ತಾದದ್ದು ಅವತ್ತೇ. ನಾನು ಕಟ್ಟಿದ ಉಂಡೆಗಳು ಒಡೆದು ಗಂಜಿಯಾದವು. "ಹಲ್ಲಿಲ್ಲದೋರಿಗೆ ಒಳ್ಳೇದಾಯ್ತು ಬಿಡು," ಅಂತ ಅವಳು ಲೋಟಕ್ಕೆ ಸುರಿದಳು. ಇಬ್ಬರೂ ಕುಡಿದೆವು.

ಸಂಜೆ ಫೋನಿನಲ್ಲಿ ಎರ್ಲೀನಳಿಗೆ ಎಲ್ಲ ಹೇಳಿಬಿಟ್ಟೆ. ನಾನು ಮುಚ್ಚಿಟ್ಟರೆ ವೆರೋನಕ್ಕ ಹೇಳುತ್ತಿದ್ದಳು, ಅದೂ ಉಪ್ಪುಖಾರ ಹಚ್ಚಿ. ಎರ್ಲೀನ್ ನಕ್ಕೂ ನಕ್ಕೂ, "ಅಯ್ಯೋ ಸಾಕು ಮಾರಾಯ, ಮಂಡಿಯ ಹೊಲಿಗೆ ಎಳೀತಿದೆ," ಅಂದಳು. ಆಮೇಲೆ ದನಿ ತಗ್ಗಿಸಿ, "ಗೆಣಸಿನ ಪಾತಿ ಮುಟ್ಟಿಲ್ಲ ತಾನೆ?"

"ಇಲ್ಲ."

"ಮುಟ್ಬೇಡ. ಕುರ್ಚಿ ಹಾಕ್ಕೊಂಡು ನೋಡ್ತಾ ಕೂತಿರು."

ಮೂರು ವಾರ ಹಾಗೇ ಕೂತೆ. ಅವಳು ಬಂದು ಅಗೆದಾಗ ಒಳ್ಳೆಯ ಗೆಣಸು ಸಿಕ್ಕಿತು.