ಗುಳಿಗೆ ಬಿಟ್ಟವನ ಮನೆಗೆ ಗುಳಿಗ ಬಂದದ್ದು

ಕಾಪುವಿನ ನಮ್ಮ ಮನೆಯ ಹಿಂದೆ, ಬಾವಿಗೂ ಬಚ್ಚಲಿಗೂ ನಡುವೆ, ಒಂದು ಕಪ್ಪು ಕಲ್ಲು ಇದೆ. ಪ್ರತಿ ತಿಂಗಳ ಸಂಕ್ರಾಂತಿಗೆ ಅದರ ಮುಂದೆ ದೀಪ ಇಡುತ್ತೇವೆ. ಅದು ದೈವದ ಕಲ್ಲಲ್ಲ, ಬಟ್ಟೆ ಒಗೆಯುವ ಕಲ್ಲು ಎಂದು ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಅದರಿಂದಾಗಿ ನನ್ನ ಹೆಂಡತಿ ಒಂದು ಇಡೀ ಮಳೆಗಾಲ, ಗಂಡನ ಕಾಯಿಲೆಗೆ ತಾನೇ ಕಾರಣ ಎಂದು ನಂಬಿ ಬದುಕಿದಳು. ಆ ಪಾಪವನ್ನು ಹೇಳಿ ಮುಗಿಸಬೇಕೆಂದು ಕೂತಿದ್ದೇನೆ.

ನಾನು ಮೀನಿನ ಟೆಂಪೋ ಓಡಿಸಿ ಬದುಕಿದವನು. ಮಲ್ಪೆಯಿಂದ ಕಾರ್ಕಳಕ್ಕೆ ಮೀನು ಒಯ್ಯುವುದು, ಖಾಲಿ ಗಾಡಿ ತರುವುದು. ಕಣ್ಣು ಮಂಜಾದ ಮೇಲೆ ಗಾಡಿ ಮಾರಿ ಮನೆಯಲ್ಲಿ ಕುಳಿತೆ. ಕುಳಿತವನು ಕುಳಿತೇ ಬಿಟ್ಟೆ. ಊಟ ಸೇರಲಿಲ್ಲ. ಬೆಳಗಾಗುವ ಮೊದಲೇ ಎಚ್ಚರವಾಗಿ, ಎದ್ದು ಎಂತ ಮಾಡುವುದು ಎಂದು ತಿಳಿಯದೆ ಗೋಡೆ ನೋಡುತ್ತಿದ್ದೆ. ಯಾರಾದರೂ ಮಾತಾಡಿಸಿದರೆ ಅಳು ಬರುತ್ತಿತ್ತು. ಹೆಂಡತಿ ಒಮ್ಮೆ ಬಂಗುಡೆ ಪುಳಿಮುಂಚಿ ಮಾಡಿ ಬಡಿಸಿದಾಗ ಬಟ್ಟಲಲ್ಲಿದ್ದ ಮೀನಿನ ಕಣ್ಣು ನೋಡಿ ಅತ್ತೆ. ಮೀನು ಸಾಗಿಸಿ ಮುದುಕನಾದವನು ಮೀನಿಗಾಗಿ ಅತ್ತದ್ದು ಕಂಡು ಅವಳು ಹೆದರಿ ಕಾರ್ಕಳದ ಅಣ್ಣನಿಗೆ ಫೋನ್ ಮಾಡಿದಳು.

ಅವಳ ಅಣ್ಣ, ಅಂದರೆ ನನ್ನ ಭಾವ, ಕಾರ್ಕಳದಲ್ಲಿ ಕಲ್ಲಿನ ವ್ಯಾಪಾರ ಮಾಡುವವರು. ಮಾತಿನಲ್ಲೂ ಹಾಗೆಯೇ, ಒಮ್ಮೆ ಇಟ್ಟರೆ ನಾಲ್ಕು ಜನ ಸೇರಿದರೂ ಕದಲಿಸಲಾಗುವುದಿಲ್ಲ. ಮರುದಿನವೇ ಓಮ್ನಿ ತಂದು, “ಏಳಿ ಭಾವ, ವೀಕ್ನೆಸ್ ಇರಬೇಕು, ಒಂದು ಚೆಕಪ್ ಮಾಡಿಸುವ” ಎಂದು ನನ್ನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದರು. ಅಲ್ಲಿ ಒಂದು ಕ್ಲಿನಿಕ್ಕಿನಲ್ಲಿ ರಕ್ತ, ಎದೆ, ಹೊಟ್ಟೆ ಎಲ್ಲ ನೋಡಿ, ಮೇಲಿನ ಮಾಳಿಗೆಯ ಡಾಕ್ಟರನ್ನು ಕಾಣಲು ಹೇಳಿದರು. ಭಾವ ಗಾಡಿ ತಪ್ಪು ಜಾಗದಲ್ಲಿ ನಿಲ್ಲಿಸಿದ್ದಾರೆಂದು ಸೆಕ್ಯೂರಿಟಿಯವನು ಕೂಗಿದ್ದರಿಂದ ಅವರು ಕೆಳಗೆ ಓಡಿದರು. ನಾನೊಬ್ಬನೇ ಒಳಗೆ ಹೋದೆ.

ಡಾಕ್ಟರು ಚಿಕ್ಕ ಪ್ರಾಯದ ಹೆಂಗಸು, ಧಾರವಾಡದ ಕಡೆಯವರು. ತುಳು ಮನೆಮಾತಿನ ನಮ್ಮ ಕನ್ನಡ ಪುಸ್ತಕದಿಂದ ಕಲಿತದ್ದು, ಅವರದ್ದು ಹುಟ್ಟಿನಿಂದ ಬಂದದ್ದು. ಅವರು ಕೇಳಿದ್ದಕ್ಕೆಲ್ಲ ನಾನು ನಿಜವನ್ನೇ ಹೇಳಿದೆ. ಇದು ಖಿನ್ನತೆ ಎಂಬ ಕಾಯಿಲೆ, ವಾಸಿಯಾಗುತ್ತದೆ ಎಂದರು. ಸಾಯಬೇಕು ಅನ್ನಿಸುತ್ತದೆಯೇ ಎಂದೂ ಕೇಳಿದರು. ಇಲ್ಲ ಎಂದೆ. “ಮುಂದ ಎಂದರ ಅಂಥಾ ವಿಚಾರ ಬಂದ್ರ ಆವತ್ತ ಮನಿಯವ್ರಿಗೆ ಹೇಳಿ ಇಲ್ಲಿಗೆ ಬರ್ರಿ, ಕೊಟ್ಟ ತಾರೀಖಿನ ತನಕಾ ಕಾಯಬ್ಯಾಡ್ರಿ” ಎಂದರು.

ಆಮೇಲೆ ಚೀಟಿ ಬರೆದು ವಿವರಿಸಿದರು. “ಈ ಗುಳಿಗಿ ದಿನಾ ಒಂದ ಹೊತ್ತಿಗೆ ತಗೋರಿ. ಮೊದಲ ಸ್ವಲ್ಪ ಹೊಟ್ಟಿ ತೊಳಸಿದಂಗ ಆಗಬಹುದು, ಹೆದರಬ್ಯಾಡ್ರಿ. ಎರಡು ಮೂರು ವಾರ ಏನೂ ಫರಕ್ ಗೊತ್ತಾಗಂಗಿಲ್ಲ, ತಡ್ಕೋಬೇಕು. ಅರಾಮ ಆತು ಅಂತ ನಿಮ್ಮಷ್ಟಕ್ಕ ನೀವ ನಿಲ್ಲಿಸಬ್ಯಾಡ್ರಿ.”

ಗುಳಿಗಿ ಎಂದರೆ ಗುಳಿಗೆ, ಗುಳಿಗೆ ಎಂದರೆ ಮಾತ್ರೆ. ಹತ್ತನೆಯ ತರಗತಿ ಪಾಸಾದ ನನಗೆ ಅಷ್ಟು ಗೊತ್ತಾಯಿತು. ಆದರೆ ನಮ್ಮೂರಿನಲ್ಲಿ ಯಾರೂ ಮಾತ್ರೆಗೆ ಗುಳಿಗೆ ಎನ್ನುವುದಿಲ್ಲ. ನಮ್ಮಲ್ಲಿರುವುದು ಗುಳಿಗ. ಅವನು ಕಲ್ಲಿನ ರೂಪದಲ್ಲಿ ಕೂರುವ ಮಹಾ ಉಗ್ರ ದೈವ. ಕೊಡುವುದನ್ನು ಕೊಡದೆ ಮರೆತರೆ ಮನೆ ಮಂದಿಯನ್ನು ನೆಮ್ಮದಿಯಾಗಿ ಇರಲು ಬಿಡುವವನಲ್ಲ.

ನಾನು ಎದ್ದು ಬಾಗಿಲು ತೆರೆಯುವುದಕ್ಕೂ ಭಾವ ಮೆಟ್ಟಿಲು ಹತ್ತಿ ಬರುವುದಕ್ಕೂ ಸರಿಹೋಯಿತು. ಡಾಕ್ಟರು ಹಿಂದಿನಿಂದ ಮತ್ತೊಮ್ಮೆ ಗಟ್ಟಿಯಾಗಿ ಹೇಳಿದರು: “ಅಜ್ಜಾರ, ಗುಳಿಗಿ ಬಿಡಬ್ಯಾಡ್ರಿ! ಒಮ್ಮೆಲೆ ಬಿಟ್ರ ತಲ್ಯಾಗ ಕರೆಂಟ್ ಹೊಡದಂಗ ಆಗ್ತದ!”

ಭಾವನ ಮುಖ ಬಿಳುಚಿತು. ಲಿಫ್ಟಿನೊಳಗೆ ನನ್ನ ಕೈ ಹಿಡಿದುಕೊಂಡು ಪಿಸುಗುಟ್ಟಿದರು.

“ಭಾವ, ನೀವು ಗುಳಿಗನನ್ನು ಬಿಟ್ಟಿದ್ದೀರಾ?”

ಇಲ್ಲ ಮಾರಾಯರೇ, ಅವರು ಹೇಳಿದ್ದು ಮಾತ್ರೆ ಎಂದು ಹೇಳಲು ಲಿಫ್ಟು ಇಳಿಯುವಷ್ಟು ಸಮಯವಿತ್ತು. ಆದರೆ ಯಾವ ಮಾತ್ರೆ ಎಂದು ಕೇಳುತ್ತಾರೆ. ತಲೆಗೆ ಎನ್ನಬೇಕಾಗುತ್ತದೆ. ಹಿಂದೆ ನಮ್ಮ ಲೈನಿನ ಡ್ರೈವರೊಬ್ಬ ಇಂಥದೇ ಮಾತ್ರೆ ತೆಗೆದುಕೊಳ್ಳುತ್ತಾನೆಂದು ತಿಳಿದು, ಅವನಿಗೆ ನಟ್ಟು ಲೂಸು ಎಂದು ಹೆಸರಿಟ್ಟು ನಗಾಡಿದವನು ನಾನೇ. ಮಾತ್ರೆ ತಿನ್ನುವವನಾಗುವುದಕ್ಕಿಂತ ದೈವ ಮುನಿದವನಾಗುವುದು ಮರ್ಯಾದೆಯ ವಿಷಯ ಎಂದು ಅನ್ನಿಸಿತು. ತಲೆ ತಗ್ಗಿಸಿದೆ.

“ಡಾಕ್ಟ್ರಿಗೆ ಹೇಗೆ ಗೊತ್ತಾಯಿತು?”

“ದೊಡ್ಡ ಡಾಕ್ಟ್ರು” ಎಂದೆ.

“ಸ್ಕ್ಯಾನಿಂಗಿನಲ್ಲಿ ಬಂದಿರಬೇಕು” ಎಂದು ಭಾವ ನಿಟ್ಟುಸಿರಿಟ್ಟರು. “ಈಗಿನ ಮೆಷಿನಿನಲ್ಲಿ ಎಲ್ಲ ಕಾಣ್ತದೆ.”

ಮನೆಗೆ ಬಂದವರೇ ಅವರು ಅಂಗಳಕ್ಕೆ ಇಳಿದು ಒಂದೊಂದೇ ಕಲ್ಲು ನೋಡುತ್ತಾ ಹೋದರು. ಬಾವಿಯ ಹತ್ತಿರ ನಿಂತರು. ಒಗೆಯುವ ಕಲ್ಲಿನ ಮೇಲೆ ಕೈಯಾಡಿಸಿದರು. ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟು ಕೇಳಿದರು.

“ತಂಗಿ, ಇಲ್ಲಿ ಬಾ. ಇದರ ಮೇಲೆ ನೀನು ಎಂತ ಮಾಡ್ತೀ?”

“ಬಟ್ಟೆ ಒಗೆಯುವುದು. ಮೀನು ಕೊಯ್ಯುವುದೂ ಅದರಲ್ಲೇ.”

“ಅಯ್ಯೋ ದೇವರೇ. ಇದು ಒಗೆಯುವ ಕಲ್ಲಲ್ಲ. ಇದು ಕೂರಿಸಿದ ಕಲ್ಲು.”

ಕಲ್ಲಿನಲ್ಲೇ ಬದುಕಿದವರು ಕಲ್ಲಿನ ಬಗ್ಗೆ ಹೇಳಿದರೆ ಯಾರು ಇಲ್ಲವೆನ್ನುತ್ತಾರೆ? ಆ ಕಲ್ಲನ್ನು, ನನ್ನ ಮದುವೆಗೂ ಮೊದಲು, ಕಾರ್ಕಳದಿಂದ ಖಾಲಿ ಬರುತ್ತಿದ್ದ ಟೆಂಪೋದಲ್ಲಿ ಹಾಕಿಕೊಂಡು ಬಂದವನು ನಾನು. ಕೊಟ್ಟವರು ಭಾವನ ತಂದೆ. ಒಡೆಯುವಾಗ ಓರೆಯಾಗಿ ಹೋದ ಕಲ್ಲು, ಬೇಕಾದರೆ ತೆಗೆದುಕೊಂಡು ಹೋಗು ಎಂದಿದ್ದರು. ಅಂದು ಭಾವ ಚಡ್ಡಿ ಹಾಕಿಕೊಂಡು ಅದೇ ಕಲ್ಲಿನ ಮೇಲೆ ಕುಳಿತು ಪೆಪ್ಪರಮಿಂಟು ಚೀಪುತ್ತಿದ್ದರು. ಅದನ್ನೂ ನಾನು ಹೇಳಲಿಲ್ಲ.

ಹೆಂಡತಿ ನಿಂತಲ್ಲೇ ಕುಸಿದು ಕುಳಿತಳು. “ಇಷ್ಟು ವರ್ಷ ಮೀನಿನ ಹೊಲಸು ಚೆಲ್ಲಿದೆನಲ್ಲ ಅಣ್ಣ. ಅವರ ಒಳಉಡುಪನ್ನು ಕೂಡ ಅದರಲ್ಲೇ ಕುಕ್ಕಿದ್ದೇನೆ.”

“ಗುಳಿಗನ ತಲೆ ಮೇಲೆ” ಎಂದು ಭಾವ ಕಣ್ಣು ಮುಚ್ಚಿದರು.

ನನಗೆ ನಗು ಬರಬೇಕಿತ್ತು. ಆ ದಿನಗಳಲ್ಲಿ ನಗು ಎಲ್ಲಿಂದ ಬರುತ್ತದೆ ಎಂಬುದೇ ಮರೆತಿತ್ತು.

ಅಂದಿನಿಂದ ಅವಳು, ನಾನು ಸರಿಯಾಗುವವರೆಗೆ ಮೀನು ಮುಟ್ಟುವುದಿಲ್ಲವೆಂದು ಹರಕೆ ಹೊತ್ತಳು. ಅಡುಗೆಮನೆಯಲ್ಲಿ ದಿನಾ ತೊಂಡೆಕಾಯಿ. ಭಾವ ಕಾರ್ಕಳದಲ್ಲಿ ಪ್ರಶ್ನೆ ಇಡಿಸಿದರು. ಜ್ಯೋತಿಷಿಗಳೂ ಕಲ್ಲು ಅದೇ ಎಂದರಂತೆ. ಕಲ್ಲು ತೋರಿಸಿಕೊಟ್ಟವರು ಪಕ್ಕದಲ್ಲೇ ಕುಳಿತಿರುವಾಗ ಬೇರೆ ಎಂತ ಹೇಳುತ್ತಾರೆ?

ನಾನು ಮಾತ್ರೆಯನ್ನು ಮಾತ್ರ ಬಿಡಲಿಲ್ಲ. ಕಾಪುವಿನ ಮೆಡಿಕಲಿನವರು ಗುರುತಿನವರಾದ್ದರಿಂದ ಬಸ್ಸು ಹಿಡಿದು ಉಡುಪಿಗೆ ಹೋಗಿ, ಬನ್ನಂಜೆಯ ಒಂದು ಅಂಗಡಿಯಲ್ಲಿ ಚೀಟಿ ತೋರಿಸಿ ತರುತ್ತಿದ್ದೆ. ಮಾತ್ರೆಯ ಪಟ್ಟಿಯನ್ನು ಮಡಚಿ ಟಾರ್ಚಿನೊಳಗೆ, ಬ್ಯಾಟರಿ ಇರಬೇಕಾದಲ್ಲಿ, ಅಡಗಿಸಿದ್ದೆ. ಕರೆಂಟು ಹೋದಾಗಲೆಲ್ಲ ಹೆಂಡತಿ ಟಾರ್ಚು ಒತ್ತಿ ಒತ್ತಿ, “ಇದಕ್ಕೊಂದು ಬ್ಯಾಟರಿ ತನ್ನಿ ಎಂದು ಎಷ್ಟು ಸಲ ಹೇಳುವುದು?” ಎಂದು ಬೈಯುತ್ತಿದ್ದಳು.

ಡಾಕ್ಟರು ಹೇಳಿದ ಹಾಗೆಯೇ ಮೊದಲಿಗೆ ಏನೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಭಾವ ಒಳ್ಳೆಯ ದಿನ ನೋಡಿ ತಂಬಿಲದ ಪೂಜೆ ಮಾಡಿಸಿದರು. ಒಗೆಯುವ ಕಲ್ಲಿಗೆ ಹೂವು, ಸೀಯಾಳ, ದೀಪ. ಸಾಬೂನಿನ ಗೆರೆ ಇನ್ನೂ ಹೋಗಿರಲಿಲ್ಲ. ಭಾವ ಪ್ರಸಾದವೆಂದು ಕುಪ್ಪಿಯಲ್ಲಿ ಕಳ್ಳು ಹಿಡಿದುಕೊಂಡು ಬಂದಿದ್ದರು. ಮಾತ್ರೆಯ ಜೊತೆ ಕುಡಿಯಬಾರದೆಂದು ಡಾಕ್ಟರು ಹೇಳಿದ್ದರು, ಅದನ್ನು ಹೇಳುವ ಹಾಗಿಲ್ಲ. ಕುಡಿದಂತೆ ಮಾಡಿ ತುಳಸಿಗೆ ಚೆಲ್ಲಿದೆ.

ಅದಾಗಿ ಕೆಲವೇ ದಿನಗಳಲ್ಲಿ ಒಂದು ಬೆಳಿಗ್ಗೆ ಚಾ ಕುಡಿಯುವಾಗ, ಚಾದಲ್ಲಿ ಶುಂಠಿ ಹಾಕಿದ್ದಾಳೆ ಎಂದು ಗೊತ್ತಾಯಿತು. ರುಚಿ ತಿಳಿಯಿತು. ಮತ್ತೆ ಸಮುದ್ರದ ಬದಿಗೆ ನಡೆಯತೊಡಗಿದೆ. ಭಾವ ಇಡೀ ಕಾರ್ಕಳಕ್ಕೆ ಸುದ್ದಿ ಹೇಳಿದರು. ಹೊಗಳಿಕೆಯೆಲ್ಲ ಗುಳಿಗನಿಗೆ ಹೋಯಿತು, ಗುಳಿಗೆಗೆ ಬರೀ ಟಾರ್ಚಿನ ಕತ್ತಲೆ. ಹೆಂಡತಿ ಹರಕೆ ಮುರಿಯಲಿಲ್ಲ, ವರ್ಷ ತುಂಬಲಿ ಎಂದಳು. ನಾನಾದರೋ ಹಸಿವು ತಿರುಗಿ ಬಂದ ಮುದುಕ. ಬನ್ನಂಜೆಗೆ ಮಾತ್ರೆ ತರಲು ಹೋದಾಗಲೆಲ್ಲ ಅಲ್ಲಿಯ ಒಂದು ಹೋಟೆಲಿನ ಮೂಲೆಯ ಮೇಜಿನಲ್ಲಿ ಕುಳಿತು ಬಂಗುಡೆ ಫ್ರೈ ತಿಂದು, ಸೋಂಪು ಜಗಿದು, ಬಸ್ಸು ಹತ್ತುತ್ತಿದ್ದೆ.

ಎಲ್ಲರೂ ಒಂದೇ ಮಾತು ಹೇಳಿದರೆ ತಲೆ ಹೇಗೆ ಕೆಡುತ್ತದೆ ನೋಡಿ. ನಾನೇ ತಂದ ಕಲ್ಲು, ನಾನೇ ಮುಚ್ಚಿಟ್ಟ ಮಾತ್ರೆ, ಆದರೂ ಇದು ದೈವದಿಂದಲೇ ಆಗಿರಬಹುದಲ್ವಾ ಎಂದು ನನಗೇ ಅನ್ನಿಸತೊಡಗಿತು. ಸರಿಯಾದೆನಲ್ಲ, ಇನ್ನು ಯಾಕೆ ಎಂದು ಒಂದು ದಿನ ಮಾತ್ರೆ ನಿಲ್ಲಿಸಿದೆ. ಟಾರ್ಚಿಗೆ ಬ್ಯಾಟರಿಯನ್ನೂ ಹಾಕಿದೆ. ಉಳಿದ ಪಟ್ಟಿಯನ್ನು ಎಸೆಯಲು ಮನಸ್ಸಾಗದೆ ಕೊಡೆಯ ಮಡಿಕೆಯಲ್ಲಿ ಇಟ್ಟೆ.

ವಾರ ತುಂಬುವುದರೊಳಗೆ ತಲೆ ತಿರುಗಿತು. ಕಣ್ಣು ಆಚೀಚೆ ಹೊರಳಿಸಿದರೆ ತಲೆಯೊಳಗೆ ಚುರ್ ಚುರ್ ಎಂದು ಕಿಡಿ ಹಾರಿದಂತೆ. ಸುಮ್ಮಸುಮ್ಮನೆ ಸಿಟ್ಟು. ಭಾವ ಓಡಿ ಬಂದರು. “ಡಾಕ್ಟ್ರು ಅಂದೇ ಹೇಳಿದ್ದರಲ್ಲ, ಕರೆಂಟು ಹೊಡೆಯುತ್ತದೆ ಅಂತ. ನಾನೇ ಕೇಳಿದ್ದೇನೆ. ಪೂಜೆ ಸಾಕಾಗಲಿಲ್ಲ.” ಅವರು ಕೇಳಿದ್ದೂ ಸರಿ, ಹೇಳಿದ್ದೂ ಸರಿ. ಒಂದು ಅಕ್ಷರ ಮಾತ್ರ ತಪ್ಪು.

ಆಮೇಲಿನ ವಾರಗಳಲ್ಲಿ ಹಳೆಯ ಗೋಡೆ ಹಳೆಯ ಹಾಗೆಯೇ ಮುಂದೆ ಬಂದು ನಿಂತಿತು. ಈ ಸಲ, ಡಾಕ್ಟರು ಕೇಳಿದ್ದ ಆ ಯೋಚನೆಯೂ ಒಂದು ಬೆಳಿಗ್ಗೆ ಬಂತು. ಹೆದರಿ ಹೆಂಡತಿಯನ್ನು ಹುಡುಕಿಕೊಂಡು ಹಿಂದಿನ ಬಾಗಿಲಿಗೆ ಹೋದೆ. ಮಳೆ ಹನಿಯುತ್ತಿತ್ತು. ಅವಳು ಕಲ್ಲಿನ ಮುಂದೆ ಕುಳಿತಿದ್ದಳು. ಕತ್ತಿನ ಎಲುಬು ಕಾಣುತ್ತಿತ್ತು. ಅವಳು ಯಾವಾಗ ಇಷ್ಟು ಸೊರಗಿದಳು ಎಂದು ನಾನು ನೋಡಿಯೇ ಇರಲಿಲ್ಲ.

“ತಪ್ಪು ಮಾಡಿದವಳು ನಾನು” ಎನ್ನುತ್ತಿದ್ದಳು. “ಅವರನ್ನು ಬಿಡು. ಅವರ ಬದಲು ನನ್ನನ್ನು ಹಿಡಿ.”

ಅವಳು ಬೇಡಿಕೊಳ್ಳುತ್ತಿದ್ದದ್ದು ಅವಳ ಅಪ್ಪ ಓರೆಯೆಂದು ಬಿಸಾಡಿದ ಕಲ್ಲನ್ನು. ನಾನು ಕೊಡೆ ತಂದೆ. ಬಿಡಿಸಿ ಅವಳ ತಲೆಯ ಮೇಲೆ ಹಿಡಿಯುವಾಗ ಮಾತ್ರೆಯ ಪಟ್ಟಿ ಅವಳ ಮಡಿಲಿಗೆ ಬಿತ್ತು.

“ಇದು ಎಂತದು?”

“ಗುಳಿಗೆ.”

“ಗುಳಿಗನಾ?”

“ಗುಳಿಗನಲ್ಲ, ಗುಳಿ-ಗೆ. ಮಾತ್ರೆ. ಡಾಕ್ಟ್ರು ಬಿಡಬೇಡಿ ಎಂದದ್ದು ಇದನ್ನು. ನಿನ್ನ ಅಣ್ಣನಿಗೆ ತಪ್ಪಿ ಕೇಳಿಸಿತು. ನಾನು ತಿದ್ದಲಿಲ್ಲ.”

ಅವಳು ಪಟ್ಟಿ ನೋಡಿದಳು, ಕಲ್ಲು ನೋಡಿದಳು. “ಹಾಗಾದರೆ ಇದು?”

“ಒಗೆಯುವ ಕಲ್ಲು. ಕಾರ್ಕಳದಿಂದ ನಾನೇ ತಂದದ್ದು. ನಿನ್ನ ಅಪ್ಪ ಕೊಟ್ಟದ್ದು.” ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. ಬೆಳಿಗ್ಗೆ ಬಂದ ಯೋಚನೆಯನ್ನೂ ಹೇಳಿದೆ.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೊಡೆಯನ್ನು ನನ್ನ ಕೈಯಿಂದ ಕಿತ್ತುಕೊಂಡು, “ಏಳಿ, ಅಂಗಿ ಹಾಕಿ, ಮಣಿಪಾಲಕ್ಕೆ” ಎಂದಳು. ಬಸ್ಸಿನಲ್ಲಿ ಇಡೀ ದಾರಿ ನನ್ನ ಮಣಿಕಟ್ಟು ಬಿಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.

ಡಾಕ್ಟರು ಎಲ್ಲ ಕೇಳಿದರು. ಕಲ್ಲಿನ ಕಥೆ ಬಂದಾಗ ಪೆನ್ನು ಕೆಳಗಿಟ್ಟು ಬಾಯಿ ಒತ್ತಿ ಹಿಡಿದರು. ಯೋಚನೆಯ ಮಾತು ಬಂದಾಗ ಮತ್ತೆ ಪೆನ್ನು ಹಿಡಿದರು. ಬಿಟ್ಟುಹೋದ ದಿನಗಳದ್ದನ್ನು ಸೇರಿಸಿ ನುಂಗುವಂತಿಲ್ಲ, ಮತ್ತೆ ಸಣ್ಣದರಿಂದ ಶುರು ಮಾಡೋಣ, ಬೇಗ ಬೇಗ ಬಂದು ತೋರಿಸಬೇಕು ಎಂದರು. ಹೆಂಡತಿ ಒಂದೊಂದೇ ಕೇಳಿದಳು. ಇವರ ಬಿಪಿ ಮಾತ್ರೆಯ ಜೊತೆ ಆಗುತ್ತದಾ? ಗಂಟುನೋವಿಗೆ ಇವರು ಅಂಗಡಿಯಿಂದ ತಂದು ತಿನ್ನುವ ಮಾತ್ರೆ? ನಮ್ಮ ಕಷಾಯ? ನೋವಿನ ಮಾತ್ರೆಯಾಗಲಿ ನಾರುಬೇರಾಗಲಿ, ಕೇಳದೆ ಕೊಡಬೇಡಿ ಎಂದರು ಡಾಕ್ಟರು. ಕೊನೆಗೆ ಅವಳು ಸೆರಗಿನ ತುದಿ ತಿರುವುತ್ತಾ ಕೇಳಿದಳು.

“ಇದು ನನ್ನಿಂದ ಬಂದದ್ದು ಅಲ್ವಾ ಡಾಕ್ಟ್ರೇ?”

“ಬಿಪಿ ಯಾರಿಂದ ಬಂತ್ರೀ ಅಮ್ಮಾರ? ಇದೂ ಹಂಗ. ನಿಮ್ಮಿಂದ ಬಂದಿಲ್ಲ.”

ಆಗ ಅವಳು ಅತ್ತಳು. ಡಾಕ್ಟರ ಮೇಜಿಗೆ ಹಣೆ ತಾಗಿಸಿ ಅತ್ತಳು. ನಾನು ಅವಳ ಬೆನ್ನು ಮುಟ್ಟಲು ಹೋದೆ. ಕೈ ತಳ್ಳಿದಳು.

ಬರುವ ದಾರಿಯಲ್ಲಿ ಉಡುಪಿಯಲ್ಲಿ ಇಳಿದು ಬಂಗುಡೆ ಕೊಂಡಳು. ಹೇಳುವುದಾದರೆ ಪೂರ್ತಿ ಹೇಳಿಬಿಡೋಣವೆಂದು ಬನ್ನಂಜೆಯ ಹೋಟೆಲಿನದ್ದನ್ನೂ ಹೇಳಿದೆ. ಅವಳು ಮೀನಿನ ಚೀಲ ಹಿಡಿದು ಬಸ್‌ಸ್ಟ್ಯಾಂಡಿನ ನಡುವೆ ನಿಂತುಬಿಟ್ಟಳು.

“ನಾನು ತೊಂಡೆಕಾಯಿ ತಿನ್ನುವಾಗ?”

“ಹೌದು.”

“ಫ್ರೈಯಾ?”

“ಹೌದು.”

“ಕಲ್ಲಿನದ್ದು ಕ್ಷಮಿಸಿದ್ದೇನೆ” ಎಂದಳು. “ಇದು ಆಗುವುದಿಲ್ಲ.”

ಈಗ ಮಾತ್ರೆ ಚಾದ ಡಬ್ಬಿಯ ಪಕ್ಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ಇದೆ. ಅವಳೇ ಕೊಡುತ್ತಾಳೆ. ರುಚಿ ತಿರುಗಿ ಬಂದಿದೆ. ಇನ್ನೂ ಕೆಲವು ತಿಂಗಳು ಹೀಗೇ ಇರಲಿ, ಆಮೇಲೆ ನಾನೇ ಸ್ವಲ್ಪಸ್ವಲ್ಪವಾಗಿ ಇಳಿಸುತ್ತೇನೆ ಎಂದಿದ್ದಾರೆ ಡಾಕ್ಟರು. ಇದನ್ನೆಲ್ಲ ಭಾವನಿಗೆ ಫೋನಿನಲ್ಲಿ ಬಿಡಿಸಿ ಹೇಳಿದೆವು. ಅವರು ಪೂರ್ತಿ ಕೇಳಿ, “ಅದು ಸರಿ. ಆದರೆ ನಿಜ ಹೇಳುವ ಬುದ್ಧಿ ನಿಮಗೆ ಆ ಕಲ್ಲಿನ ಎದುರೇ ಯಾಕೆ ಬಂತು ಭಾವ?” ಎಂದರು.

ಹೀಗಾಗಿ ಕಲ್ಲು ಅಲ್ಲೇ ಉಳಿಯಿತು. ಕರೆದು ಕೂರಿಸಿ, ಸೀಯಾಳ ಕೊಟ್ಟು, ಈಗ ಎದ್ದು ಹೋಗು, ಬಟ್ಟೆ ಒಗೆಯಬೇಕು ಎನ್ನಲು ನಮ್ಮಿಬ್ಬರಿಗೂ ಧೈರ್ಯವಿಲ್ಲ. ಬಟ್ಟೆ ಒಗೆಯುವುದು ಈಗ ಬಚ್ಚಲಿನ ನೆಲದಲ್ಲಿ. ಒಗೆಯುವವನು ನಾನು. ಅದು ಅವಳು ಹಾಕಿದ ಶಿಕ್ಷೆ. ಮೈಗೆ ವ್ಯಾಯಾಮ ಒಳ್ಳೆಯದು ಎಂದು ಡಾಕ್ಟರೂ ಅವಳ ಪಕ್ಷವನ್ನೇ ವಹಿಸಿದ್ದಾರೆ.

ಸಂಕ್ರಾಂತಿಯ ಸಂಜೆ ಅವಳು ದೀಪ ಇಟ್ಟು ಕೈ ಮುಗಿಯುತ್ತಾಳೆ. ತಪ್ಪು ಮಾಡಿದವಳು ನಾನು ಎಂದು ಈಗ ಹೇಳುವುದಿಲ್ಲ. “ಈ ಮನುಷ್ಯನಿಗೆ ಬುದ್ಧಿ ಕೊಡು” ಎನ್ನುತ್ತಾಳೆ, ನನಗೆ ಕೇಳಿಸಬೇಕೆಂದೇ ಗಟ್ಟಿಯಾಗಿ. ನಾನು ಬಚ್ಚಲಿನಲ್ಲಿ ಲುಂಗಿ ಕುಕ್ಕುತ್ತಾ ಕೇಳಿಸಿಕೊಳ್ಳುತ್ತೇನೆ.