ಸೀತಾಳೆ ಹುಡುಕಿಕೊಂಡು ಹೋದ ಪ್ರೇಮಲತಾ

ಸಂಸೆಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಪ್ರೇಮಲತಾಳ ಹೊಲಿಗೆ ಅಂಗಡಿ. ಎಸ್ಟೇಟಿನ ಹೆಣ್ಣಾಳುಗಳಿಂದ ಹಿಡಿದು ಮೇಷ್ಟ್ರ ಮನೆಯವರ ತನಕ ಎಲ್ಲರಿಗೂ ರವಿಕೆ ಅವಳೇ ಹೊಲಿಯಬೇಕು. ಮಾತು ಜಾಸ್ತಿ, ನಗು ಇನ್ನೂ ಜಾಸ್ತಿ. ಅಳತೆ ತೆಗೆಯುವುದರೊಳಗೆ ಊರಿನ ಅರ್ಧ ಸುದ್ದಿ ಹೇಳಿ ಮುಗಿಸಿರುತ್ತಾಳೆ. ಅಂಥವಳು ಒಬ್ಬನ ಹತ್ತಿರ ಮಾತ್ರ ಮಾತು ಬಿಟ್ಟಿದ್ದಳು. ದೇವರ ಹತ್ತಿರ.

ಕಾರಣ ಅವಳ ಅಕ್ಕ ಅರುಣಾ. ತಾಯಿಯಿಲ್ಲದ ಮನೆಯಲ್ಲಿ ತಂಗಿಗೆ ಜಡೆ ಹಾಕಿ, ಬಡಿಸಿ, ಬೈದು, ಹೊಲಿಗೆ ಕಲಿಸಿದವಳು ಅವಳೇ. ಆ ಅಕ್ಕ ಕಿಡ್ನಿ ಕೆಟ್ಟು ಮಂಗಳೂರಿನಲ್ಲಿ ಆಸ್ಪತ್ರೆ ಸೇರಿದಾಗ ಪ್ರೇಮಲತಾ ಕಳಸದ ದೇವರಿಗೊಂದು, ಹೊರನಾಡಿನ ಅಮ್ಮನಿಗೊಂದು, ಊರಿನ ಭೂತಕ್ಕೊಂದು ಹರಕೆ ಹೊತ್ತಳು. ಯಾವುದೂ ಫಲಿಸಲಿಲ್ಲ. ಅಕ್ಕನ ಕಾರ್ಯಗಳೆಲ್ಲ ಮುಗಿದ ಮೇಲೆ ಮನೆಗೆ ಬಂದವಳು ದೇವರ ಗೂಡಿನ ಮುಂದೆ ನಿಂತು, "ಇನ್ನು ನಿಂಗೂ ನಂಗೂ ಮಾತಿಲ್ಲ" ಎಂದಳು. ಅಂದಿನಿಂದ ಸಂಜೆ ದೀಪ ಹಚ್ಚುವುದು ಗಂಡ ಸುರೇಂದ್ರನ ಪಾಲಿಗೆ ಬಂತು. ದಿನವಿಡೀ ಜೀಪು ಓಡಿಸಿ ಬಂದವನು ಕೈಕಾಲು ತೊಳೆದು ದೀಪ ಹಚ್ಚುತ್ತಿದ್ದ. ಹೀಗೇ ಕೆಲವು ವರ್ಷ ಕಳೆದವು.

ಹೋದ ವರ್ಷ ಬೇಸಿಗೆಯ ಕೊನೆಯಲ್ಲಿ ಮೇಷ್ಟ್ರ ಮಗಳು ಗಾನಶ್ರೀಯ ಮದುವೆ ಗೊತ್ತಾಯಿತು. ರವಿಕೆಯ ತೋಳಿನ ಮೇಲೆ ಸೀತಾಳೆ ದಂಡೆಯ ಕಸೂತಿ ಬೇಕೆಂದು ಅವಳ ಆಸೆ. ಮರದ ಕೊಂಬೆಗೆ ಅಂಟಿಕೊಂಡು ಬೆಳೆದು, ಮಳೆ ಹಿಡಿಯುವ ಹೊತ್ತಿಗೆ ಜಡೆಯ ಹಾಗೆ ಇಳಿಬಿದ್ದು ಅರಳುವ ಹೂವು ಅದು. ವನವಾಸದಲ್ಲಿ ಸೀತೆ ಮುಡಿಯುತ್ತಿದ್ದಳೆಂದು ಈ ಕಡೆ ಹೇಳುತ್ತಾರೆ. ಗಾನಶ್ರೀ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿ ಹೋದಳು. ಪ್ರೇಮಲತಾ ಅದನ್ನು ನೋಡಿಕೊಂಡು ತುಂಡು ಬಟ್ಟೆಯ ಮೇಲೆ ಹೊಲಿದಳು.

"ಚೆನ್ನಾಗಿದೆ ಪ್ರೇಮಕ್ಕ," ಎಂದಳು ಗಾನಶ್ರೀ, ತುಂಬಾ ಹೊತ್ತು ನೋಡಿದ ಮೇಲೆ. "ಆದ್ರೆ..."

"ಬಾಟ್ಲಿ ತೊಳಿಯೋ ಬ್ರಷ್ ಹಂಗೆ ಕಾಣ್ತಿದೆ. ಹೇಳು, ನಾನೇನು ಬೇಜಾರು ಮಾಡ್ಕಳಲ್ಲ."

ಇಬ್ಬರೂ ನಕ್ಕರು. ಹೂವನ್ನು ಕಣ್ಣಾರೆ ನೋಡದೆ ಹೊಲಿಯುವುದು ಸಾಧ್ಯವಿಲ್ಲವೆಂದು ಪ್ರೇಮಲತಾಳಿಗೆ ಖಾತ್ರಿಯಾಯಿತು. ಚಿಕ್ಕಂದಿನಲ್ಲಿ ಮನೆಯ ಹಿಂದಿನ ಹಲಸಿನ ಮರದಲ್ಲಿ ನೋಡಿದ್ದಳು. ಆ ಮರ ಈಗ ಇರಲಿಲ್ಲ. ಪಕ್ಕದ ಮನೆಯ ರುಕ್ಮಿಣಮ್ಮನನ್ನು ಕೇಳಿದಳು. ಎಸ್ಟೇಟ್ ಕೆಲಸದಿಂದ ನಿವೃತ್ತಿಯಾದ ಮೇಲೂ ಸೊಪ್ಪು, ಅಣಬೆ ಎಂದು ಕಾಡು ಸುತ್ತುವ ಹೆಂಗಸು ಆಕೆ.

"ಬಾ, ಹೋಗಣ," ಎಂದಳು ರುಕ್ಮಿಣಮ್ಮ. "ಆದ್ರೆ ಸೀತಾಳೆ ಕಾಣ್ಬೇಕಾದ್ರೆ ಮೇಲೆ ನೋಡ್ಬೇಕು, ಬೀಳ್ದೆ ಇರ್ಬೇಕಾದ್ರೆ ಕೆಳಗೆ ನೋಡ್ಬೇಕು. ಹಂಗಾಗಿ ನಿಂತ್ಕಂಡು ನೋಡು, ಆಮೇಲೆ ನಡಿ."

ಭಾನುವಾರ ಬೆಳಿಗ್ಗೆ ಇಬ್ಬರೂ ತೋಟ ದಾಟಿ ಊರ ಹಿಂದಿನ ಕಾಡಿಗೆ ಹೋದರು. ಮೊದಲ ಮಳೆ ಬಿದ್ದು ತರಗೆಲೆ ಮೆತ್ತಗಾಗಿತ್ತು. ಸೀತಾಳೆ ಸಿಗಲಿಲ್ಲ. ಒಂದು ಕಡೆ ಎಲೆಯೇ ಇಲ್ಲದೆ ನೆಲದಿಂದ ನೇರ ಎದ್ದ ನೆಲಸಂಪಿಗೆ ಕಂಡಿತು, ತಿಳಿನೇರಳೆ ಬಣ್ಣದ್ದು. ಪ್ರೇಮಲತಾ ಮೊಣಕಾಲೂರಿ ಬಗ್ಗಿ ಮೂಸಿದಳು. ರುಕ್ಮಿಣಮ್ಮ ಕಲ್ಲಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡಳು. ಯಾರಿಗೂ ಅವಸರವಿರಲಿಲ್ಲ.

ಮನೆಗೆ ಬಂದು ಕಾಲು ತೊಳೆಯುವಾಗ ಪ್ರೇಮಲತಾಳಿಗೆ ಒಂದು ವಿಷಯ ಹೊಳೆಯಿತು. ದಿನಕ್ಕೊಮ್ಮೆಯಾದರೂ ಕಣ್ಣ ಮುಂದೆ ಬರುತ್ತಿದ್ದ ಆ ಆಸ್ಪತ್ರೆಯ ಉದ್ದನೆಯ ಹಜಾರ, ಅದರ ಫಿನಾಯಿಲ್ ವಾಸನೆ, ಬೆಳಗಿನಿಂದ ನೆನಪಾಗಿಯೇ ಇರಲಿಲ್ಲ.

ಮುಂದಿನ ಭಾನುವಾರವೂ ಹೋದಳು. ಆಗಲೂ ಬರಿಗೈ.

"ನೀನು ಹೂ ಹುಡ್ಕಕ್ಕೆ ಹೋಗ್ತೀಯೋ, ರುಕ್ಮಿಣಮ್ಮನ ಹತ್ರ ಸುದ್ದಿ ಹೊಡಿಯಕ್ಕೆ ಹೋಗ್ತೀಯೋ?" ಎಂದು ಸುರೇಂದ್ರ ಕೇಳಿದ.

"ಎರಡಕ್ಕೂ. ನಿಮ್ಗೇನು ಕಷ್ಟ? ಅನ್ನ ಮಾಡಿಟ್ಟೇ ಹೋಗ್ತೀನಲ್ಲ."

ಮೂರನೇ ಸಲ ರುಕ್ಮಿಣಮ್ಮನಿಗೆ ಮಂಡಿ ನೋವು. ಪ್ರೇಮಲತಾ ಒಬ್ಬಳೇ ಹೊರಟಳು. ಬಣ್ಣ ಹೊಂದಿಸಿ ನೋಡಲೆಂದು ನಾಲ್ಕಾರು ದಾರದುಂಡೆಗಳನ್ನು ಚೀಲದಲ್ಲಿ ಹಾಕಿಕೊಂಡಿದ್ದಳು. ಹಳ್ಳದ ದಡಕ್ಕೆ ಬಂದು, ಹೇಳಿಕೊಟ್ಟಂತೆ ನಿಂತು ತಲೆಯೆತ್ತಿದಳು. ನೀರಿನ ಮೇಲೆ ಬಾಗಿದ್ದ ಹಳೆಯ ನೇರಳೆ ಮರದ ಕೊಂಬೆಯ ತುಂಬ ಸೀತಾಳೆ ಇಳಿಬಿದ್ದಿತ್ತು. ಬಿಳಿಯ ಪುಟ್ಟ ಎಸಳುಗಳು, ಅವುಗಳ ಮೇಲೆ ನೇರಳೆ ಚುಕ್ಕಿ. ಗಾಳಿ ಬಂದಾಗ ದಂಡೆಗಳೆಲ್ಲ ಒಟ್ಟಿಗೆ ತೂಗುತ್ತಿದ್ದವು.

"ಇಲ್ಲಿ ಯಾರು ನೋಡ್ತಾರೆ ಅಂತ ಇಷ್ಟು ಚಂದ ಮಾಡಿಟ್ಟೆ ಮಾರಾಯ?"

ಮಾತು ಬಾಯಿಂದ ಹೊರಬಿದ್ದಿತ್ತು. ಯಾರಿಗಾದರೂ ಕೇಳಿತೇನೋ ಎಂದು ಸುತ್ತ ನೋಡಿದಳು. ಯಾರೂ ಇರಲಿಲ್ಲ. ಯಾರನ್ನು ಮಾತಾಡಿಸಿದೆ ಎಂದು ಆಮೇಲೆ ಗೊತ್ತಾಯಿತು. ಮೊದಲು ನಗು ಬಂತು, ಹಿಂದೆಯೇ ಅಳು. ಅಲ್ಲೇ ಬೇರಿನ ಮೇಲೆ ಕೂತು ಇಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನೆಲ್ಲ ಹೇಳಿದಳು. ಅಕ್ಕನ ಊದಿದ ಕಾಲು, ಕೊನೆಗೆ ಕೇಳಿದ ಒಂದು ಗುಟುಕು ಕಾಫಿ, ಅದನ್ನು ಕೊಡಬೇಡಿ ಎಂದ ನರ್ಸು, ಎಲ್ಲವನ್ನೂ. ಬೈದಳು ಕೂಡ. ಅತ್ತ ಕಡೆಯಿಂದ ಉತ್ತರ ಬರಲಿಲ್ಲ. ಆದರೂ ಯಾರೋ ಕೂತು ಪೂರ್ತಿ ಕೇಳಿಸಿಕೊಂಡರು ಎಂಬ ಸಮಾಧಾನ ಅವಳ ಮನಸ್ಸಿಗೆ ಬಂತು. ಅಕ್ಕ ಯಾಕೆ ಹೋದಳು ಎಂಬುದು ತನಗೆ ಎಂದಿಗೂ ತಿಳಿಯುವುದಿಲ್ಲ, ತಿಳಿಯದಿದ್ದರೂ ಇವನ ಜೊತೆ ಮಾತಾಡಿಕೊಂಡು ಇರಬಹುದು ಅನ್ನಿಸಿತು.

ಕಣ್ಣೊರೆಸಿಕೊಂಡು ಎದ್ದು, ಕೈಗೆಟುಕುವ ದಂಡೆಯೊಂದರ ಪಕ್ಕ ದಾರ ಹಿಡಿದು ನೋಡಿದಳು. ಫೋಟೋ ನೋಡಿ ಬಳಸಿದ್ದ ಗುಲಾಬಿ ದಾರ ಪೂರಾ ತಪ್ಪು. ಹೂವನ್ನು ಕೀಳಲಿಲ್ಲ. ಅಷ್ಟರಲ್ಲಿ ಇಂಬಳಗಳು ಎರಡೂ ಕಾಲಿಗೆ ಹತ್ತಿ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದವು. ಅವನ್ನು ಕಿತ್ತೆಸೆದು, ರಕ್ತ ಸೋರುವ ಕಾಲಲ್ಲೇ ಹಾಡು ಗುನುಗುತ್ತ ಮನೆಗೆ ಬಂದಳು.

ರವಿಕೆ ನೋಡಿದ ಗಾನಶ್ರೀ ಈ ಸಲ "ಆದ್ರೆ" ಅನ್ನಲಿಲ್ಲ. ಮದುವೆ ಕಳಸದಲ್ಲಿ ನಡೆಯಿತು. ಊಟ ಮುಗಿದ ಮೇಲೆ ಸುರೇಂದ್ರ ಎಂದಿನಂತೆ, "ನೀನು ಜೀಪಲ್ಲಿ ಕೂತಿರು, ನಾನು ದೇವಸ್ಥಾನಕ್ಕೆ ಹೋಗಿ ಬಂದೆ" ಎಂದ. ಪ್ರೇಮಲತಾ ಸೆರಗು ಸರಿಮಾಡಿಕೊಂಡು ಇಳಿದಳು. ಸುರೇಂದ್ರ ಅವಳಿಗಾಗಿ ನಿಧಾನಕ್ಕೆ ಮೆಟ್ಟಿಲು ಹತ್ತಿದ. ಗರ್ಭಗುಡಿಯ ಮುಂದೆ ಅವಳು ಬಹಳ ಹೊತ್ತು ನಿಂತಳು.

"ಏನು ಬೇಡ್ಕಂಡೆ?" ಎಂದ, ಹೊರಗೆ ಬಂದ ಮೇಲೆ.

"ಏನೂ ಇಲ್ಲ. ಸುಮ್ನೆ ಮಾತಾಡ್ಸಿ ಬಂದೆ."

ಈಗ ಭಾನುವಾರ ಅಂಗಡಿಗೆ ಬಂದವರಿಗೆ ಬಾಗಿಲು ಮುಚ್ಚಿರುವುದೇ ಕಾಣುತ್ತದೆ. ಬೈದುಕೊಂಡು ಸೋಮವಾರ ಬರುತ್ತಾರೆ. ಮೊನ್ನೆ ಸುರೇಂದ್ರನನ್ನೂ ಎಳೆದುಕೊಂಡು ಹೋಗಿದ್ದಳು. ದಾರಿಯಲ್ಲಿ ಬಂಡೆಯ ಸಂದಿಯಲ್ಲಿ ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಹಳದಿ ಹೂವೊಂದು ಕಂಡಿತು. ಹೆಸರು ಇಬ್ಬರಿಗೂ ಗೊತ್ತಿಲ್ಲ. ಅವಳು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಸ್ವಲ್ಪ ಹೊತ್ತು ಕೊಡೆ ಹಿಡಿದು ನಿಂತಿದ್ದ ಸುರೇಂದ್ರ, ಅವಳು ಏಳುವ ಲಕ್ಷಣ ಕಾಣದ್ದರಿಂದ, ತಾನೂ ಪಂಚೆ ಎತ್ತಿಕಟ್ಟಿ ಪಕ್ಕದಲ್ಲಿ ಕೂತ.