ನಾನು ನೋಡದ ಕೊನೆಯ ಸುತ್ತು

ಬೆಳಗಾವಿಯ ಹಿಂಡಲಗಾ ರಸ್ತೆಯ ಆ ಗ್ಯಾರೇಜಿಗೆ ಬೋರ್ಡ್ ಇರಲಿಲ್ಲ. ಬೈಕು ಕೆಟ್ಟವರು ಅವರಿವರನ್ನು ಕೇಳಿಕೊಂಡು ಬರುತ್ತಿದ್ದರು. ಅದನ್ನು ನಡೆಸುತ್ತಿದ್ದವರು ಎಲ್ಲರಿಗೂ ಮಿಸ್ತ್ರಿ. ಬಂದ ಗಾಡಿಯನ್ನು ಮೊದಲು ಬಿಚ್ಚುತ್ತಿರಲಿಲ್ಲ. ಹತ್ತಿ, ಅದೇ ರಸ್ತೆಯ ಜೈಲಿನ ಗೋಡೆಯ ತನಕ ಹೋಗಿ ಬಂದು, ಇಳಿಯುವ ಮೊದಲೇ ರೋಗ ಹೇಳುತ್ತಿದ್ದರು. ಪತ್ರಿಕೆಯ ವರದಿಗಾರನಾದ ನನ್ನ ಸ್ಕೂಟರನ್ನು ಹಲವು ವರ್ಷ ಅವರೇ ನೋಡಿಕೊಂಡರು.

“ಸಾಹೇಬ್ರ, ಈ ಗಾಡಿ ನಿಮ್ಮ ಪೇಪರ್ ಇದ್ದಂಗ ಐತ್ರಿ. ಸಪ್ಪಳ ಭಾಳ, ಓಟ ಕಡಿಮಿ.”

“ಪೇಪರ್ ಓದ್ತೀರೇನ್ರಿ ಮಿಸ್ತ್ರಿ?”

“ಕೈ ಒರಸಾಕ ಬೇಕಲ್ರಿ.”

ಹಳೆಯ ಗಾಡಿಗಳ ಭಾಗಗಳಿಂದ ಅವರೇ ಕಟ್ಟಿದ ಒಂದು ರೇಸ್ ಬೈಕಿತ್ತು. ಸುತ್ತಮುತ್ತ ಎಲ್ಲಿ ರೇಸ್ ಇದ್ದರೂ ಅದನ್ನು ಟೆಂಪೊದಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಗೆದ್ದದ್ದಿಲ್ಲ. ಗೋವಾದ ದೊಡ್ಡ ಸ್ಪರ್ಧೆಯಲ್ಲಿ ಒಮ್ಮೆ ಓಡಿಸಬೇಕು ಎಂಬುದೊಂದೇ ಅವರ ಆಸೆ. ಅಲ್ಲಿಗೆ ಹೋಗಲು ಬೇರೆಲ್ಲಾದರೂ ಮೊದಲ ಮೂವರಲ್ಲಿ ಬಂದ ಪುರಾವೆ ಬೇಕು, ನಲವತ್ತೈದು ತುಂಬಿರಬಾರದು. ಅವರಿಗೆ ಉಳಿದಿದ್ದದ್ದು ಕೆಲವೇ ತಿಂಗಳು.

ಆ ವರ್ಷ ಖಾನಾಪುರದಲ್ಲಿ ಭತ್ತ ಕೊಯ್ದ ಗದ್ದೆಯನ್ನು ಸಮ ಮಾಡಿ ಮಣ್ಣಿನ ಟ್ರ್ಯಾಕ್ ಹಾಕಿದ್ದರು. ಪತ್ರಿಕೆಯ ಪರವಾಗಿ ನಾನು ಹೋಗಿದ್ದೆ. ಮೈಕಿನವನು ಒಂದು ಸಾಲು ಮರಾಠಿ, ಒಂದು ಸಾಲು ಕನ್ನಡ ಹೇಳುತ್ತಿದ್ದ. ರೇಸ್ ತಡವಾಗಿ ಶುರುವಾಯಿತು. ಜಿಲ್ಲಾ ಪುಟ ಸಂಜೆ ಆರಕ್ಕೆ ಮುಗಿಯಬೇಕಿತ್ತು. ಎರಡು ಸುತ್ತು ಬಾಕಿ ಇರುವಾಗ, ಮಿಸ್ತ್ರಿ ಐದನೆಯವರಾಗಿ ಓಡುತ್ತಿದ್ದಾಗ, ನಾನು ಬೆಳಗಾವಿಗೆ ಹೊರಟೆ. ಗೆದ್ದವನ ಹೆಸರನ್ನು ಆಯೋಜಕರಿಂದ ಫೋನಿನಲ್ಲಿ ಪಡೆದು ಎಂಟು ಸಾಲು ಬರೆದೆ.

ಸೋಮವಾರ ಮಿಸ್ತ್ರಿ ಕಚೇರಿಗೇ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು.

“ನಾ ಎರಡನೇದಾಂವ ಬಂದೀನ್ರಿ. ಬಕ್ಷೀಸು ಬರೇ ಒಬ್ಬಗ ಇತ್ತು. ಉಳದವ್ರ ಹೆಸರು ಬೋರ್ಡ್ ಮ್ಯಾಲ ಚಾಕ್‌ಪೀಸ್‌ಲೆ ಬರದು ಒರಿಸಿಬಿಟ್ರು, ಅವ್ರ ಕಡೆ ಏನೂ ಬರದಿಟ್ಟಿಲ್ರಿ. ನಿಮ್ಮ ಲೆಟರ್‌ಹೆಡ್ ಮ್ಯಾಲ ಎರಡು ಸಾಲು ಬರದು ಕೊಡ್ರಿ. ಗೋವಾದವ್ರಿಗೆ ಅಷ್ಟ ಸಾಕಂತ.”

“ಕೊನೀ ಸುತ್ತು ನಾ ನೋಡಿಲ್ಲ, ಮಿಸ್ತ್ರಿ. ನೋಡದ್ದನ್ನ ಹೆಂಗ ಬರೀಲಿ?”

“ನಾ ಹೇಳಾಕತ್ತೀನಲ್ರಿ.”

“ನಿಮ್ಮ ಬಗ್ಗೆ ನೀವ ಹೇಳಿದ್ರ ಪುರಾವೆ ಆಗೂದಿಲ್ರಿ.”

“ಖರೇ ಐತ್ರಿ,” ಎಂದರು ಮಿಸ್ತ್ರಿ. ಬಂದದ್ದೇ ಬಂದೆ ಎಂದು ನನ್ನ ಸ್ಕೂಟರನ್ನು ಬೀದಿಯ ತುದಿಯವರೆಗೆ ಓಡಿಸಿ ಬಂದು, ಕ್ಲಚ್ ಪ್ಲೇಟ್ ಸವೆದಿದೆ ಎಂದರು. ಬದಲಿಸಿ ಎಂದೆ. ಆ ಪ್ಲೇಟನ್ನು ನಾನು ನೋಡಲಿಲ್ಲ. ಅಷ್ಟು ವರ್ಷಗಳಲ್ಲಿ ಯಾವುದನ್ನೂ ತೋರಿಸಿ ಎಂದು ಕೇಳಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ರಾಮತೀರ್ಥ ನಗರದ ಮದುವೆಯೊಂದರಲ್ಲಿ ಖಾನಾಪುರದ ರೇಸ್ ಗೆದ್ದವನು ಸಿಕ್ಕ.

“ನಿಮ್ಮ ಮಿಸ್ತ್ರಿ ನನ್ನ ಬೆನ್ನಿಗೇ ಇದ್ರು. ಇನ್ನೊಂದು ತಿರುವು ಇದ್ದಿದ್ರ ನಾನ ಎರಡನೇದಾಂವ,” ಎಂದು ನಕ್ಕ.

ಮರುದಿನವೇ ಪತ್ರ ಬರೆದು ಗ್ಯಾರೇಜಿಗೆ ಒಯ್ದೆ. ಮಿಸ್ತ್ರಿ ನಿಂತಲ್ಲೇ ಓದಿದರು.

“ಚಲೋ ಬರದೀರಿ. ಹೋದ ತಿಂಗಳ ನನಗ ನಲವತ್ತೈದು ತುಂಬಿದ್ವು.”

ರೇಸ್ ಬೈಕನ್ನು ಆಗಲೇ ಬಿಚ್ಚಿದ್ದರು. ಅದರ ಭಾಗಗಳು ಬೇರೆ ಬೇರೆ ಗಿರಾಕಿಗಳ ಗಾಡಿ ಸೇರಿದ್ದವು. ಆಮೇಲೆ ಅವರು ರೇಸಿನ ಮಾತೆತ್ತಿದ್ದನ್ನು ನಾನು ಕೇಳಲಿಲ್ಲ.

ಕಳೆದ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. ತಿಂಗಳಾದ ಮೇಲೆ ಕಾಕತಿ ಊರಿನಲ್ಲಿದ್ದ ಅವರ ಮನೆಗೆ ಹೋದೆ. ಅವರ ಹೆಂಡತಿ ಚಹಾ ಕೊಟ್ಟು ಎದುರು ಕುಳಿತರು.

“ನಿಮ್ಮ ಮ್ಯಾಲ ಅವ್ರಿಗೆ ಸಿಟ್ಟಿರಲಿಲ್ರಿ. ‘ಕಣ್ಣಿಲೆ ನೋಡದ್ದು ಬರಿಯಂಗಿಲ್ಲ, ಖಡಕ್ ಮನಷ್ಯಾ’ ಅಂತ ಎಲ್ಲಾರ ಮುಂದ ಹೇಳ್ತಿದ್ರು.”

ನೋಡದ್ದನ್ನು ಕೇಳಿ ಖಚಿತಪಡಿಸಿಕೊಳ್ಳುವುದೂ ವರದಿಗಾರನ ಕೆಲಸ. ರೇಸಿನ ಸಂಜೆ ವರದಿಗೆ ಎರಡು ಮಾತು ಬೇಕೆಂದು ಗೆದ್ದವನಿಗೆ ನಾನೇ ಫೋನ್ ಮಾಡಿದ್ದೆ. ಮಿಸ್ತ್ರಿ ಕಚೇರಿಗೆ ಬಂದ ದಿನ ಅವನ ನಂಬರ್ ನನ್ನ ಮೇಜಿನ ಮೇಲೇ ಇತ್ತು. ಒಂದು ಕರೆ ಸಾಕಿತ್ತು. ತೋಚಲಿಲ್ಲ ಎನ್ನಲಾರೆ, ಸಭೆಗೆ ತಡವಾಗುತ್ತಿತ್ತು.

ಇದನ್ನು ಆಕೆಗೆ ಹೇಳಲು ಹೊರಟು ನಿಲ್ಲಿಸಿದೆ.

“ಇನ್ನರ್ಧ ಕಪ್ ಹಾಕ್ಲೇನ್ರಿ?” ಎಂದರು.

ಹಾಕ್ರಿ ಎಂದೆ.